ಅಕ್ಕನ ಹೆರಿಗೆಗೆಂದು ಎತ್ತಿಟ್ಟ ಪೆಟ್ರೋಲು

ಮಾಲೂರಿನ ನಮ್ಮ ಪಕ್ಕದ ಮನೆಯ ಹುಡುಗ ಎಲ್ಲಿಂದಲೋ ಒಂದು ಹಳೇ ಮೋಟಾರ್ ಸೈಕಲ್ ತಂದಿದ್ದಾನೆ. ಅದಕ್ಕೆ ಸಾದಾ ಪೆಟ್ರೋಲು ಹಾಕಬೇಕೋ ದುಬಾರಿಯದು ಹಾಕಬೇಕೋ ಎಂದು ನಿನ್ನೆಯೆಲ್ಲ ಗೆಳೆಯನ ಜೊತೆ ವಾದ. ನನಗೇನಾಗಬೇಕು ಎಂದು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅವನು ಟ್ಯಾಂಕಿನ ಮುಚ್ಚಳ ತೆಗೆದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೊಪ್ಪು ಅಲ್ಲೇ ಬಿಟ್ಟು ಒಳಗೆ ಹೋದೆ...

ನನ್ನ ಅಕ್ಕನ ಗಂಡ, ನಮ್ಮ ಭಾವ, ಎರಡನೇ ಮಹಾಯುದ್ಧದ ಕಾಲದಲ್ಲಿ ಶ್ರೀನಿವಾಸಪುರದಲ್ಲಿ ಡಾಕ್ಟರಾಗಿದ್ದರು. ಹಳ್ಳಿಗಳಿಗೆ ಹೋಗಲು ಒಂದು ಮೋಟಾರ್ ಸೈಕಲ್ ಇಟ್ಟುಕೊಂಡಿದ್ದರು. ಅದರ ಎಂಜಿನ್ನಿಗೆ ನೀರಿಲ್ಲ, ಓಡುವಾಗ ಬೀಸುವ ಗಾಳಿಯಿಂದಲೇ ತಣ್ಣಗಾಗಬೇಕು. ಆಗ ಪೆಟ್ರೋಲು ರೇಷನ್ನು, ಸಿಗುತ್ತಿದ್ದದ್ದೂ ಕಳಪೆ. ಬೆಂಗಳೂರಿನಲ್ಲಿ ವಿಮಾನಗಳ ಕೆಲಸದಲ್ಲಿದ್ದ ಸ್ನೇಹಿತರೊಬ್ಬರು ಆಗೀಗ ಒಂದು ಸಣ್ಣ ಡಬ್ಬ ವಿಮಾನದ ಪೆಟ್ರೋಲು ಕಳಿಸತೊಡಗಿದರು. ಅದರ ರುಚಿ ಹತ್ತಿದ ಮೇಲೆ ಭಾವ ಸುಮ್ಮನಿರಲಿಲ್ಲ. ಎಂಜಿನ್ನಿನ ತಲೆ ತೇಯಿಸಿ, ಆ ಪೆಟ್ರೋಲಿಗೆ ತಕ್ಕಂತೆ ಒಳಗಿನ ಒತ್ತಡ ಏರುವಂತೆ ಮಾಡಿಸಿದರು. ಗಾಡಿ ಏರಿನಲ್ಲೂ ಹಾರಿಕೊಂಡು ಹೋಗುತ್ತಿತ್ತು. ಆದರೆ ಅಲ್ಲಿಂದ ಮುಂದೆ ರೇಷನ್ ಪೆಟ್ರೋಲು ಅದಕ್ಕೆ ಸೇರದೇ ಹೋಯಿತು. ಹಾಕಿದರೆ ಒಳಗೆ ಹೊತ್ತಿಗೆ ಮುಂಚೆ ಹತ್ತಿಕೊಂಡು, ಸುತ್ತಿಗೆಯಲ್ಲಿ ಹೊಡೆದಂತೆ ಬಡಿದು, ಕಾದು ನಿಲ್ಲುತ್ತಿತ್ತು.

"ಬಸುರಿ ನಾನು, ಬಯಕೆ ಇದಕ್ಕೆ ಕಣೇ," ಎಂದು ಅಕ್ಕ ನನ್ನ ಹತ್ತಿರ ನಗುತ್ತಿದ್ದಳು.

ಚೊಚ್ಚಲ ಹೆರಿಗೆಗೆ ವಾಡಿಕೆಯಂತೆ ಮುಳಬಾಗಿಲಿನ ತವರಿಗೆ ಬಂದಳು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡ ಮಲಗಿದೆ, ಡಾಕ್ಟರು ಇದ್ದರೆ ಒಳ್ಳೆಯದು ಎಂದಳು. ಆಸ್ಪತ್ರೆಗೆ ಸೇರಿಸೋಣವೆಂದರೆ ನಮ್ಮಮ್ಮ ಒಪ್ಪಲಿಲ್ಲ. ಬೇನೆ ಶುರುವಾದ ಕೂಡಲೇ ತಂತಿ ಕೊಡಿ, ಓಡಿ ಬರುತ್ತೇನೆ ಎಂದರು ಭಾವ. ಅದಕ್ಕಾಗಿಯೇ ಒಂದು ಡಬ್ಬ ಒಳ್ಳೆಯ ಪೆಟ್ರೋಲನ್ನು ತಮ್ಮ ಮನೆಯ ಮಂಚದಡಿ ಎತ್ತಿಟ್ಟಿದ್ದರು.

ದಿನ ತುಂಬಲು ಇನ್ನೂ ಸಮಯವಿತ್ತು. ಗೌನಿಪಲ್ಲಿ ಕಡೆಯ ರೈತನೊಬ್ಬ, ಮಾವಿನ ತೋಪಿನಲ್ಲಿ ಹಾವು ಕಚ್ಚಿದ ಮಗಳನ್ನು ಹೊತ್ತುಕೊಂಡು, ತೆಲುಗಿನಲ್ಲಿ ಗೋಳಾಡುತ್ತ ಭಾವನ ಬಾಗಿಲಿಗೆ ಬಂದ. ಅದಕ್ಕೆ ಮದ್ದಿದ್ದದ್ದು ಕೋಲಾರದ ದೊಡ್ಡಾಸ್ಪತ್ರೆಯಲ್ಲಿ. ಭಾವ ಆ ಡಬ್ಬವನ್ನು ಟ್ಯಾಂಕಿಗೆ ಸುರಿದು, ಅಪ್ಪ ಮಗಳಿಬ್ಬರನ್ನೂ ಹಿಂದೆ ಕೂರಿಸಿಕೊಂಡು ಹೋದರು. ಹುಡುಗಿ ಉಳಿದಳು, ಪೆಟ್ರೋಲು ಮುಗಿಯಿತು. ಇನ್ನೊಂದು ಡಬ್ಬಕ್ಕೆ ಹೇಳಿ ಕಳಿಸಿದರು. ಅದು ಬರುವ ಮೊದಲೇ ನಮ್ಮ ತಂತಿ ಹೋಯಿತು.

ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಬೆಳಿಗ್ಗೆಯೇ ಹೊರಟುಹೋಗಿತ್ತು. ಭಾವ ರೇಷನ್ ಪೆಟ್ರೋಲನ್ನೇ ಹಾಕಿಕೊಂಡು ನೆತ್ತಿ ಸುಡುವ ಬಿಸಿಲಲ್ಲಿ ಹೊರಟರು. ನಿಧಾನಕ್ಕೆ ಬಂದಿದ್ದರೆ ಗಾಡಿ ತಡೆಯುತ್ತಿತ್ತೇನೋ... ಹೆಂಡತಿ ಬೇನೆ ತಿನ್ನುತ್ತಿರುವಾಗ ಯಾರು ನಿಧಾನಕ್ಕೆ ಬರುತ್ತಾರೆ? ಅರ್ಧ ದಾರಿಯಲ್ಲಿ ಪಿಸ್ಟನ್ನಿಗೆ ತೂತು ಬಿದ್ದು ಗಾಡಿ ನಿಂತಿತು. ನಡೆದು, ಓಡಿ, ಯಾರದೋ ಎತ್ತಿನ ಗಾಡಿ ಹತ್ತಿ, ದೀಪ ಹಚ್ಚುವ ಹೊತ್ತಿಗೆ ಬಂದರು. ಅಕ್ಕನನ್ನು ಆಗಲೇ ಹೊರಗೆ ಮಲಗಿಸಿದ್ದೆವು. ಮಗುವೂ ಉಳಿದಿರಲಿಲ್ಲ. ಭಾವ ಔಷಧಿಯ ಚೀಲವನ್ನು ಕೆಳಗಿಡದೆ ನಿಂತೇ ಇದ್ದರು.

ಊರೆಲ್ಲ ಅವರನ್ನು ಧರ್ಮರಾಯ ಎಂದು ಕೊಂಡಾಡಿತು. ಸ್ವಂತ ಹೆಂಡತಿಗೆ ಇಟ್ಟದ್ದನ್ನು ಯಾರದೋ ಮಗುವಿಗೆ ಕೊಟ್ಟರಲ್ಲ ಎಂದು. ನನಗೆ ಮೈ ಉರಿಯುತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಕೇಳುವಂತೆಯೇ ಅನ್ನುತ್ತಿದ್ದೆ. ವರ್ಷದ ತಿಥಿಯ ದಿನ ಹಿತ್ತಲಲ್ಲಿ ಅವರೊಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟೆ.

"ಅಕ್ಕನಿಗೇಂತ ಇಟ್ಟಿದ್ದನ್ನ ಯಾಕೆ ಸುರಿದ್ರಿ ಭಾವ?"

 ಭಾವ ನೆಲ ನೋಡುತ್ತಲೇ ಹೇಳಿದರು.

"ಹೀಗಾಗುತ್ತೇಂತ ಗೊತ್ತಿದ್ದಿದ್ರೆ ಸುರೀತಿರ್ಲಿಲ್ಲ ಕಣಮ್ಮ. ಆ ಮಗು ನನ್ನ ಬಾಗಿಲಲ್ಲೇ ಸಾಯ್ತಿತ್ತು. ಸಾಯ್ಲಿ ಅಂತ ಬಿಡ್ತಿದ್ದೆ. ಡಾಕ್ಟ್ರು ಹೀಗನ್ನಬಾರದು... ಯಾರಿಗೂ ಹೇಳ್ಬೇಡ."

ಅಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ. ಊರಿನ ಹೊಗಳಿಕೆಯನ್ನು ಈ ಮನುಷ್ಯ ಹೇಗೆ ನುಂಗಿಕೊಂಡಿದ್ದರೋ ಎಂದು ಸಂಕಟವಾಯಿತು. ಬಾವಿಕಟ್ಟೆಯ ಮೇಲೆ ಕೂತು ಇಬ್ಬರೂ ಅತ್ತೆವು.

ಭಾವ ಮತ್ತೆ ಮದುವೆಯಾಗಲಿಲ್ಲ. ತಲೆಗೂದಲು ಬೆಳ್ಳಗಾಗುವ ಮೊದಲೇ ಹೋಗಿಬಿಟ್ಟರು. ಅವರು ಹೇಳಿದ ಮಾತನ್ನು ಇಷ್ಟು ವರ್ಷ ನಾನು ಬಾಯಿಬಿಟ್ಟಿರಲಿಲ್ಲ. ಧರ್ಮರಾಯ ಎಂದವರೆಲ್ಲ ಒಬ್ಬೊಬ್ಬರಾಗಿ ಹೋದರು. ಭಾವ ಅಕ್ಕನನ್ನು ಎಷ್ಟು ಪ್ರೀತಿಸಿದ್ದರೆಂದು ಬಲ್ಲವಳು ಈಗ ಅವರನ್ನು ಬೈದ ನಾನೊಬ್ಬಳೇ.