ಪುಡಿಯಕ್ಕನ ಅತ್ತೆಗೆ ಹಿಡಿಸಿದ ಮದ್ದು

ಬೀದಿದೀಪ ಇನ್ನೂ ಆರಿಲ್ಲ. ಗಿಡಮೂಲಿಕೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಗಲೇ ಸೀನು ಶುರುವಾಗಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರು ಕುಟ್ಟುತ್ತಿರುವವರು ಪುಡಿಯಕ್ಕ. ಹೆತ್ತವರು ಇಟ್ಟ ಹೆಸರನ್ನು ಬೀದಿಯವರಿರಲಿ, ಗಂಡನೇ ಮರೆತಂತಿದೆ.

ಇಪ್ಪತ್ತು ವರ್ಷಗಳಿಂದ ಅವರ ಕೈಯಲ್ಲಿ ತಯಾರಾಗುವುದು ಎರಡೇ ಪುಡಿ. ಬೇರಿನದು ‘ಚೈತನ್ಯ’, ಮೈಗೆ ಕಸುವು ಕೊಡುತ್ತದಂತೆ. ಎಲೆಯದು ‘ಉಲ್ಲಾಸ’, ಮನಸ್ಸು ಹಗುರ ಮಾಡುತ್ತದಂತೆ. ಯಾವುದು ಮೇಲು ಎಂದು ಗಿರಾಕಿಗಳು ಕೇಳಿದರೆ ಮಾಲೀಕರು ಎರಡನ್ನೂ ಕಟ್ಟಿಕೊಡುತ್ತಾರೆ. ದಿನಕ್ಕೆ ನೂರು ಡಬ್ಬಿ ತುಂಬುವ ಪುಡಿಯಕ್ಕ ಮಾತ್ರ ಒಂದು ಚಿಟಿಕೆಯನ್ನೂ ಬಾಯಿಗೆ ಹಾಕಿಕೊಂಡವರಲ್ಲ. “ಮೂಗಲ್ಲೇ ಬೇಕಾದಷ್ಟು ಹೋಗುತ್ತಲ್ಲ,” ಎನ್ನುತ್ತಾರೆ.

ಎರಡನ್ನೂ ಹೋಲಿಸಿ ನೋಡುವ ಪ್ರಸಂಗ ಬಂದದ್ದು ಕಳೆದ ವರ್ಷ, ಮಾವ ತೀರಿಕೊಂಡ ಮೇಲೆ. ಅತ್ತೆಯ ಬಾಯಿ ಎಂದರೆ ಸಾಮಾನ್ಯದ್ದಲ್ಲ. ಪಕ್ಕದ ಬೀದಿಯವರೂ ಅದರ ರುಚಿ ಕಂಡವರೇ. ಅಂಥ ಬಾಯಿ ನಿಂತುಹೋಯಿತು. ಅಡುಗೆಗೆ ಉಪ್ಪು ಹೆಚ್ಚಾದರೂ ಮಾತಿಲ್ಲ, ಸೊಸೆ ಬೇಕೆಂದೇ ಪಾತ್ರೆ ಬೀಳಿಸಿದರೂ ಮಾತಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬಯ್ಯದ ಅತ್ತೆ ಸಿಗಲೆಂದು ಜನ ಹರಕೆ ಹೊರುವ ಕಾಲದಲ್ಲಿ ಪುಡಿಯಕ್ಕನಿಗೆ ಕೈಕಾಲೇ ಆಡಲಿಲ್ಲ. “ಅವರು ಬೈಯದೆ ಮನೆ ಮನೆ ಅನ್ನಿಸ್ತಾನೇ ಇರಲಿಲ್ಲ. ಹೆದರಿಕೆ ಆಗೋದು.”

ಕೆಲವು ತಿಂಗಳು ಕಾದು ನೋಡಿ, ಕೊನೆಗೆ ಒಂದು ವಾರ ಉಲ್ಲಾಸ ಕೊಟ್ಟರು. ಅತ್ತೆ ಇನ್ನಷ್ಟು ಮಲಗಿದರು. ಮರುವಾರ ಚೈತನ್ಯ. ಒಂದು ಚಮಚ ಬಾಯಿಗೆ ಬಿದ್ದದ್ದೇ ತಡ, ಅತ್ತೆ ಎದ್ದು ಕುಳಿತು, ಹಲ್ಲಿನ ಸಂದಿಯಿಂದ ಒಂದು ನಾರು ಎಳೆದು ಬೆಳಕಿಗೆ ಹಿಡಿದರು.

“ಇದನ್ನ ಜರಡಿ ಹಿಡಿದಿದ್ದು ಯಾರೇ, ನೀನೇನಾ? ಇಷ್ಟು ವರ್ಷ ಊರಿಗೆಲ್ಲ ಇದನ್ನೇ ತಿನ್ನಿಸಿದ್ದೀಯಾ?”

ತಿಂಗಳುಗಳ ನಂತರದ ಮೊದಲ ಬೈಗುಳ. ಪುಡಿಯಕ್ಕ ಅಡುಗೆಮನೆಗೆ ಓಡಿ, ಸಂತೋಷ ತಡೆಯಲಾರದೆ ಅತ್ತರಂತೆ.

ಮರುದಿನದಿಂದ ಅತ್ತೆ ಅಂಗಡಿಗೇ ಬರುತ್ತಿದ್ದಾರೆ. ಮೂಲೆಯ ಮಣೆಯ ಮೇಲೆ ಕುಳಿತು, ಸೊಸೆ ಜರಡಿ ಹಿಡಿದ ಪುಡಿಯನ್ನು ತಟ್ಟೆಯಲ್ಲಿ ಹರಡಿ, ಬೆರಳಿನಿಂದ ಕೆದಕಿ ತಪ್ಪು ಹುಡುಕುತ್ತಾರೆ. ಸಂಬಳವಿಲ್ಲ, ರಜೆಯೂ ಇಲ್ಲ. ಮಾಲೀಕರಿಗೂ ಅವರ ಮುಂದೆ ನಿಂತು ಮಾತಾಡುವ ಧೈರ್ಯವಿಲ್ಲ.

ಹಾಗಾದರೆ ಗೆದ್ದದ್ದು ಚೈತನ್ಯವೇ ಎಂದು ಕೇಳಿದರೆ, ಪುಡಿಯಕ್ಕ ಮೂಲೆಯತ್ತ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ.

“ಅದೂ ಅಲ್ಲ, ಇದೂ ಅಲ್ಲ. ದಿನಾ ಬೆಳಿಗ್ಗೆ ಅವರ ತಟ್ಟೆಗೆ ಒಂದು ನಾರು ನಾನೇ ಹಾಕಿಡ್ತೀನಿ. ಅದು ಅವರ ಕೈಗೆ ಸಿಕ್ಕಿ, ನನಗೆ ನಾಲ್ಕು ಬೈಗುಳ ಬಿದ್ದರೆ ಆಯ್ತು. ಇಬ್ಬರಿಗೂ ಬೇರೆ ಮದ್ದು ಬೇಡ.”