ಸೇನಾಪತಿಯ ಹೆಸರು

ಪಕ್ಕದ ಮನೆಯ ಮುದುಕರ ಎರಡೂ ಮೊಣಕಾಲುಗಳು ಜಡ್ಡುಗಟ್ಟಿ ಕಪ್ಪಾಗಿದ್ದವು. ಬೇಸಿಗೆಯಿರಲಿ ಚಳಿಯಿರಲಿ ಖಾಕಿ ಚಡ್ಡಿಯನ್ನೇ ತೊಡುತ್ತಿದ್ದರು. ಹಾಗಾಗಿ ಬೇಲಿಯ ಕೆಳಗಿನ ಸಂದಿಯಲ್ಲಿ ಆ ಮೊಣಕಾಲು ಕಂಡರೆ ಸಾಕು, ಮುಖ ನೋಡದೆಯೇ ನಮಗೆ ಗುರುತು ಸಿಗುತ್ತಿತ್ತು. ಆಯಸ್ಸಿನ ಬಹುಪಾಲು ಮಾಡುಗಳ ಮೇಲೆ ಮೊಣಕಾಲೂರಿ ಹೆಂಚು ಹೊದಿಸಿದವರು ಅವರು. ಆಸ್ಟ್ರೇಲಿಯಾದ ನಮ್ಮ ಪರ್ತ್‌ನ ದಕ್ಷಿಣದ ಅರ್ಧ ಮನೆಗಳಿಗೆ ತಾನೇ ಮಾಡು ಹಾಕಿದ್ದು ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಮೈಸೂರಿನಿಂದ ಬಂದ ನನ್ನ ಅತ್ತೆ ಮೊದಲ ಸಲ ನೋಡಿದಾಗ, "ಪಾಪ, ಈ ಯಜಮಾನ್ರು ದಿನಾ ಎಷ್ಟು ನಮಸ್ಕಾರ ಹಾಕ್ತಾರೋ ಏನೋ!" ಎಂದಿದ್ದರು.

ನಾವು ಕ್ಯಾನಿಂಗ್ ವೇಲ್ ಬಡಾವಣೆಯ ಆ ಬಾಡಿಗೆ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಮಳೆ ಹಿಡಿದು ಮಲಗುವ ಕೋಣೆ ಸೋರತೊಡಗಿತು. ಏಜೆಂಟರಿಗೆ ಫೋನ್ ಮಾಡಿ ಮಾಡಿ ನನ್ನ ಗಂಡನ ಗಂಟಲು ಒಣಗಿತೇ ಹೊರತು ಯಾರೂ ಈ ಕಡೆ ತಲೆ ಹಾಕಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನೆತ್ತಿಯ ಮೇಲೆ ಯಾರೋ ಓಡಾಡುವ ಸದ್ದಾಯಿತು. ಹೊರಗೆ ಓಡಿ ನೋಡಿದರೆ, ಎಪ್ಪತ್ತು ದಾಟಿದ ಪಕ್ಕದ ಮನೆಯ ಮುದುಕರು ನಮ್ಮ ಮಾಡಿನ ಮೇಲೆ! ಹೇಳಲಿಲ್ಲ, ಕೇಳಲಿಲ್ಲ. ಒಡೆದ ಹೆಂಚು ತೆಗೆದು ಬೇರೆಯದನ್ನು ಕೂರಿಸಿ ಇಳಿದು ಬಂದು, "ಮನುಷ್ಯರ ತಲೆ ಮೇಲೆ ಮಾಡು ಗಟ್ಟಿಯಾಗಿರಬೇಕು" ಎಂದಷ್ಟೇ ಹೇಳಿ ಹೋದರು. ಆ ಮಾತನ್ನು ಆಮೇಲೆ ಅವರ ಬಾಯಲ್ಲಿ ಎಷ್ಟು ಸಲ ಕೇಳಿದೆನೋ.

ಅವರು ಆಡುತ್ತಿದ್ದುದು ಜರ್ಮನ್ ಘಾಟಿನ ಇಂಗ್ಲಿಷು. ಆದರೆ ನನಗೆ ಅವರ ಮಾತುಗಳು ಕನ್ನಡದಲ್ಲೇ ನೆನಪಿವೆ. ಪಕ್ಕದಲ್ಲಿ ಅತ್ತೆ ಸದಾ "ಏನಂತೆ? ಏನಂತೆ?" ಎಂದು ಜೀವ ಹಿಂಡುತ್ತಿದ್ದರಿಂದ ಅವರ ಒಂದೊಂದು ಮಾತನ್ನೂ ನಾನು ಅಲ್ಲೇ ಕನ್ನಡಕ್ಕೆ ತಿರುಗಿಸುತ್ತಿದ್ದೆ. ನಾನಿಲ್ಲದಿದ್ದರೂ ಅವರಿಬ್ಬರ ಹರಟೆ ನಿಲ್ಲುತ್ತಿರಲಿಲ್ಲ. ಅವರು ಬೇಲಿಯ ಮೇಲಿಂದ ನಿಂಬೆಹಣ್ಣಿನ ಚೀಲ ದಾಟಿಸುವುದು, ಅತ್ತೆ ಅದೇ ಹಣ್ಣಿನ ಚಿತ್ರಾನ್ನ ಮಾಡಿ ಡಬ್ಬಿಯಲ್ಲಿ ತುಂಬಿ ಹಿಂದಿರುಗಿಸುವುದು. ಅತ್ತೆ ಕನ್ನಡದಲ್ಲಿ ಮಂಡಿನೋವಿನ ಕಥೆ ಹೇಳಿದರೆ ಅವರು ಇಂಗ್ಲಿಷಿನಲ್ಲಿ ಗೊಬ್ಬರದ ವಿಷಯ ಹೇಳುತ್ತಿದ್ದರು. ಇಬ್ಬರಿಗೂ ಪರಮ ತೃಪ್ತಿ. ನಾನು ಅವರನ್ನು ಅಂಕಲ್ ಎನ್ನುತ್ತಿದ್ದೆ. ಹೆಂಡತಿ ತೀರಿಹೋಗಿ ಒಂಟಿಯಾಗಿದ್ದ ಅವರಿಗೆ ಆ ಪದ ಬಹಳ ಇಷ್ಟವಾಗಿತ್ತು.

ಇಂಥ ಸಾಧು ಮನುಷ್ಯ ಒಮ್ಮೆ ಮಾತ್ರ ನಮ್ಮನ್ನು ಬೆಚ್ಚಿಬೀಳಿಸಿದ್ದರು. ಊಟಕ್ಕೆ ಕರೆದಿದ್ದೆವು. ನನ್ನ ಗಂಡನಿಗೆ ಕ್ರಿಕೆಟ್ ಹುಚ್ಚು. ಭಾರತದ ನಾಯಕ ಫೀಲ್ಡಿಂಗ್ ಹೇಗೆ ನಿಲ್ಲಿಸಬೇಕಾಗಿತ್ತು ಎಂದು ತೋರಿಸಲು ಹೊರಟು, ಉಪ್ಪಿನ ಬಾಟಲಿಯನ್ನು ಸ್ಲಿಪ್ಪಿನಲ್ಲಿಟ್ಟ, ಉಪ್ಪಿನಕಾಯಿ ಜಾಡಿಯನ್ನು ಕೀಪರ್ ಮಾಡಿದ, ಚಮಚಗಳನ್ನು ಸಾಲಾಗಿ ಬೌಂಡರಿಗೆ ಕಳಿಸಿದ. "ನೋಡಿ ಅಂಕಲ್, ಇವನನ್ನ ಇಲ್ಲಿಂದ ಸ್ವಲ್ಪ ಮುಂದೆ ತಳ್ಳಿದ್ರೆ..." ಎನ್ನುವಷ್ಟರಲ್ಲಿ ಅವರು ಅಂಗೈಯಿಂದ ಎಲ್ಲವನ್ನೂ ಒಂದೇ ಸಲಕ್ಕೆ ಪಕ್ಕಕ್ಕೆ ಗುಡಿಸಿಬಿಟ್ಟರು. ಜಾಡಿ ಉರುಳಿ ಎಣ್ಣೆ ಚೆಲ್ಲಿತು. "ಊಟದ ಮೇಜಿನ ಮೇಲೆ ಬೇಡ" ಎಂದರು. ಕ್ಷಮೆ ಕೇಳಿ ಮನೆಗೆ ಹೋದರು. ಅವರಿಗೆ ಕ್ರಿಕೆಟ್ ಆಗುವುದಿಲ್ಲವೆಂದು ನಾವು ತೀರ್ಮಾನಿಸಿದೆವು.

ನಮಗೆ ಮಗ ಹುಟ್ಟಿದ್ದು ಅದಾದ ಮೇಲೆ. ನಾಮಕರಣವನ್ನು ಮನೆಯಲ್ಲೇ ಇಟ್ಟುಕೊಂಡೆವು. ಹ್ಯಾರಿಸ್‌ಡೇಲ್‌ನಿಂದ, ಮೋರ್ಲಿಯಿಂದ ಸ್ನೇಹಿತರು ಬಂದಿದ್ದರು. ಅಂಕಲ್ ಜೊತೆಗೆ ಬ್ರಿಸ್ಬೇನ್‌ನಿಂದ ಬಂದಿದ್ದ ಅವರ ಒಬ್ಬಳೇ ಮಗಳೂ ಇದ್ದಳು. ಅವಳಿಗೆ ಆಗ ಆರು ತಿಂಗಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಗರ್ಭ.

ಮಗುವಿಗೆ ತೀರಿಕೊಂಡ ನನ್ನ ಮಾವನವರ ಹೆಸರು. ಪದ್ಧತಿಯಂತೆ ತಟ್ಟೆಯ ಅಕ್ಕಿಯಲ್ಲಿ ಹೆಸರು ಬರೆದು ಮಗುವಿನ ಕಿವಿಯಲ್ಲಿ ಹೇಳಬೇಕು. ಅತ್ತೆ ಉಂಗುರದಿಂದ ಅಂದವಾಗಿ ಬರೆದರು. ಕಿವಿಯಲ್ಲಿ ಹೇಳಿ ಎಂದರೆ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಅಯ್ಯೋ, ಅವರ ಹೆಸರು ನಾನು ಹೇಳೋದಾ? ಇಷ್ಟು ವರ್ಷ ಹೇಳ್ದೇ ಇರೋಳು ಈಗ ಹೇಳ್ತೀನಾ? ನೀನೇ ಹೇಳಪ್ಪ" ಎಂದು ಮಗನತ್ತ ತಳ್ಳಿದರು. ಎಲ್ಲರೂ ಗೊಳ್ಳೆಂದು ನಕ್ಕೆವು. ಅವರು ಇವತ್ತಿಗೂ ಮೊಮ್ಮಗನನ್ನು ಚಿನ್ನು ಎಂದೇ ಕರೆಯುವುದು.

ಅಂಕಲ್ ಮಗಳು ಬೆರಗಾಗಿ ನೋಡುತ್ತಿದ್ದಳು. ಹೆಂಡತಿ ಗಂಡನ ಹೆಸರು ಹೇಳದಿರುವುದು ಗೌರವಕ್ಕೆ, ಮಗುವಿಗೆ ಹಿರಿಯರ ಹೆಸರಿಡುವುದು ಆ ಹೆಸರು ಮನೆಯಲ್ಲಿ ಉಳಿಯಲಿ ಎಂದು ನಾನು ಬಿಡಿಸಿ ಹೇಳಿದೆ. ಹಾಗೆ ಹೇಳುವಾಗ ನನಗೆ ನಮ್ಮ ಸಂಸ್ಕೃತಿಯ ರಾಯಭಾರಿಯೇ ಆದಷ್ಟು ಹುಮ್ಮಸ್ಸು. ಅವಳು ಊಟದ ನಡುವೆ ಎದ್ದು ನಿಂತು, ತನಗೆ ಹುಟ್ಟುವುದು ಗಂಡೆಂದು ಗೊತ್ತಾಗಿದೆ, ತಾನೂ ಅವನಿಗೆ ತನ್ನಪ್ಪನ ಅಪ್ಪನ ಹೆಸರನ್ನೇ ಇಡುತ್ತೇನೆ ಎಂದಳು. "ಪಾಪ, ನಕ್ಷೆ ಬರೆಯುತ್ತಿದ್ದ ಸರ್ವೆಯವರು, ಯುದ್ಧದಲ್ಲಿ ತೀರಿಹೋದರು. ಅವರನ್ನು ನೆನೆಯುವವರೇ ಇಲ್ಲ" ಎಂದು ಕಣ್ಣು ತುಂಬಿಕೊಂಡಳು. ನಾವೆಲ್ಲ ಚಪ್ಪಾಳೆ ಹೊಡೆದೆವು. ಇಟ್ಟೇಬಿಡಿ, ಹಿರಿಯರ ಆಶೀರ್ವಾದ ಇರುತ್ತೆ ಎಂದು ನಾನೇ ಜೋರಾಗಿ ಹೇಳಿದೆ. ಹೋಳಿಗೆ ತಿನ್ನುತ್ತಿದ್ದ ಅಂಕಲ್ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ನಡೆದರು.

ಮಗಳು ಬ್ರಿಸ್ಬೇನ್‌ಗೆ ಮರಳಿದಳು. ಅಂಕಲ್ ಹೊರಗೆ ಬರಲೇ ಇಲ್ಲ. ನಿಂಬೆಹಣ್ಣುಗಳು ಉದುರಿ ನೆಲದಲ್ಲೇ ಕೊಳೆಯುತ್ತಿದ್ದವು. ಕೊನೆಗೊಂದು ಮಧ್ಯಾಹ್ನ ಅತ್ತೆ ನನ್ನನ್ನು ಮುಂದೆ ಮಾಡಿಕೊಂಡು ಅವರ ಬಾಗಿಲು ತಟ್ಟಿದರು.

ಅಡುಗೆಮನೆಯ ಮೇಜಿನ ಮುಂದೆ ಕೂತು ಅವರು ಹೇಳಿದ್ದು ಇದು. ಅವರಪ್ಪ ಸರ್ವೆಯವರಲ್ಲ, ಜರ್ಮನ್ ಸೈನ್ಯದ ಸೇನಾಪತಿ. ಮೊದಲ ಮಹಾಯುದ್ಧದಲ್ಲಿ ಇನ್ನೂ ಮೀಸೆ ಮೂಡದ ಅಧಿಕಾರಿಯಾಗಿ ಕಂದಕದಲ್ಲಿ ಗಾಯಗೊಂಡವರು. ಎರಡನೆಯದರಲ್ಲಿ ಪೋಲೆಂಡಿಗೆ ಒಂದು ತುಕಡಿ ಕರೆದುಕೊಂಡು ಹೋದರು, ಫ್ರಾನ್ಸಿನಲ್ಲಿ ನದಿ ದಾಟಿ ಪದಕ ಗಳಿಸಿದರು, ರಷ್ಯಾಕ್ಕೆ ಹೋಗುವ ಹೊತ್ತಿಗೆ ಇಡೀ ಒಂದು ಸೈನ್ಯವೇ ಅವರ ಕೈಯಲ್ಲಿತ್ತು. ಸೋತು ಹಿಮ್ಮೆಟ್ಟುವಾಗ ತನ್ನ ಸೈನಿಕರನ್ನು ಜಾಣತನದಿಂದ ಉಳಿಸಿಕೊಂಡು ಬಂದರೆಂದು ಯುದ್ಧದ ಪುಸ್ತಕಗಳು ಹೊಗಳುತ್ತವೆ.

"ಹೇಗೆ ಉಳಿಸಿದರು ಅಂತ ಆ ಪುಸ್ತಕಗಳು ಅರ್ಧವೇ ಹೇಳುತ್ತವೆ" ಎಂದರು ಅಂಕಲ್. "ದಾರಿಯ ಹಳ್ಳಿಗಳನ್ನೆಲ್ಲ ಸುಟ್ಟರು. ಶತ್ರುವಿಗೆ ಒಂದು ಸೂರೂ ಸಿಗಬಾರದು ಅಂತ. ನಡುಚಳಿಗಾಲ. ಹೆಂಗಸರು ಮಕ್ಕಳು ಹಿಮದಲ್ಲಿ ನಿಂತರು. ಅದಕ್ಕೂ ಮುಂಚೆ ಒಂದು ಊರಿನ ಯಹೂದಿಗಳನ್ನೆಲ್ಲ ಹಳ್ಳದ ಹತ್ತಿರ ಒಯ್ದು ಕೊಂದಾಗ ಲಾರಿ ಕೊಟ್ಟದ್ದು, ಕಾವಲು ಕೊಟ್ಟದ್ದು ನನ್ನಪ್ಪನ ಸೈನ್ಯ. ಅಪ್ಪಣೆ ಅವರದ್ದೇ."

ಯುದ್ಧ ಮುಗಿದ ಮೇಲೆ ವಿಚಾರಣೆಯಾಗಿ ಸೇನಾಪತಿ ಜೈಲಿಗೆ ಹೋದರು, ಬೇಗನೇ ಬಿಡುಗಡೆಯಾಗಿ ಮನೆಗೂ ಬಂದರು. ದಿನಾ ಊಟದ ಮೇಜಿನ ಮೇಲೆ ಉಪ್ಪಿನ ಬಟ್ಟಲು, ಚಮಚಗಳನ್ನು ಸಾಲಾಗಿ ನಿಲ್ಲಿಸಿ ತಾನು ಗೆದ್ದ ಕಾಳಗಗಳನ್ನು ಮಗನಿಗೆ ತೋರಿಸುತ್ತಿದ್ದರು. ಒಂದು ದಿನ ಮಗ ಉಪ್ಪಿನ ಬಟ್ಟಲನ್ನು ಮುಟ್ಟಿ, "ಈ ಜಾಗದಲ್ಲಿ ಇದ್ದ ಹಳ್ಳಿ ಏನಾಯಿತು?" ಎಂದು ಕೇಳಿದ. "ನಾನು ನಕ್ಷೆ ನೋಡುತ್ತಿದ್ದೆ" ಎಂದು ಅಪ್ಪ ಊಟ ಮುಂದುವರಿಸಿದರು.

ಆಗ ನನಗೆ ನಮ್ಮ ಮನೆಯ ಉಪ್ಪಿನಕಾಯಿ ಜಾಡಿ ಯಾಕೆ ಉರುಳಿತೆಂದು ಅರ್ಥವಾಯಿತು.

ಮಗ ಪ್ರಾಯಕ್ಕೆ ಬಂದ ಕೂಡಲೇ ಹಡಗು ಹತ್ತಿ ಅಡಿಲೇಡಿಗೆ ಬಂದಿಳಿದ. ಅಲ್ಲಿ ಜರ್ಮನರು ಬಹಳ. ಮನೆತನದ ಹೆಸರು ಕೇಳಿದ್ದೇ ತಡ, ಕೆಲವು ಹಳೆಯ ಸೈನಿಕರು ಬಂದು, ನಿಮ್ಮಪ್ಪನಿಂದ ನಾವು ಬದುಕಿದೆವು ಎಂದು ಕೈ ಕುಲುಕಿ ಬಿಯರ್ ಕೊಡಿಸಿದರು. ಆ ಕೈಕುಲುಕು ಅಂಕಲ್‌ಗೆ ಬೈಗುಳಕ್ಕಿಂತ ಕಡೆಯಾಯಿತು. ಮರುಭೂಮಿ ದಾಟಿ ಪರ್ತ್‌ಗೆ ಬಂದು, ಮದುವೆಯಾಗಿ, ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಂಡರು. ನಿಜ ಗೊತ್ತಿದ್ದುದು ಆಕೆಗೊಬ್ಬಳಿಗೆ. ಮಗಳು ಕೇಳಿದಾಗ ಮಾತ್ರ ನಕ್ಷೆಯ ಸುಳ್ಳು ಬಾಯಿಗೆ ಬಂದಿತ್ತು. ಅದು ಬಿಸಿ ತುಪ್ಪವಾಗಿ ಅಲ್ಲೇ ಉಳಿಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ನಿಮ್ಮತ್ತೆಯೂ ಒಂದು ಹೆಸರು ಹೇಳುವುದಿಲ್ಲ, ನಾನೂ ಒಂದು ಹೆಸರು ಹೇಳುವುದಿಲ್ಲ" ಎಂದರು. "ಅವರದ್ದು ಗೌರವ. ನನ್ನದು ನಾಚಿಕೆ. ಈಗ ಹೇಳಿದರೆ ಮಗಳು ನನ್ನನ್ನು ಹತ್ತಿರ ಸೇರಿಸುವುದಿಲ್ಲ, ಮೊಮ್ಮಗನ ಮುಖ ತೋರಿಸುವುದಿಲ್ಲ. ಹೇಳದಿದ್ದರೆ ಆ ಹೆಸರನ್ನು ನಾನೇ ಆ ಕೂಸಿನ ಮೇಲೆ ಹೊರಿಸಿದ ಹಾಗೆ. ಆ ಹೆಸರು ಹಿಡಿದು ಅದನ್ನು ಕರೆಯಲಿ ಹೇಗೆ?"

ನಾನು ತಡವರಿಸುತ್ತ ಎಲ್ಲವನ್ನೂ ಕನ್ನಡದಲ್ಲಿ ಹೇಳಿ ಮುಗಿಸಿದೆ. ಅತ್ತೆ, "ಅವರಪ್ಪ ಸಾಯೋಕೆ ಮುಂಚೆ ತಪ್ಪಾಯ್ತು ಅಂದ್ರಂತಾ?" ಎಂದರು. ನಾನು ಕೇಳಿದೆ. ಅಂಕಲ್ ಇಲ್ಲವೆಂದು ತಲೆಯಾಡಿಸಿದರು.

"ಹಾಗಾದ್ರೆ ಆ ಹೆಸರು ಬೇಡವೇ ಬೇಡ. ಮಗಳಿಗೆ ಇರೋದನ್ನ ಇದ್ಹಾಗೆ ಹೇಳ್ಬಿಡಕ್ಕೆ ಹೇಳು. ಬಸುರಿ ಹೆಂಗಸಿಗೆ ಮುಖ ನೋಡಿ ಹೇಳ್ಬೇಕು, ಫೋನಲ್ಲಿ ಬೇಡ." ಬಾಗಿಲವರೆಗೂ ಹೋದವರು ತಿರುಗಿ ನಿಂತರು. "ಅಲ್ಲಾ ಕಣೇ, ಆ ಮಗೂಗೆ ಅಜ್ಜ ಯಾರು? ಇವರು ತಾನೇ? ನಾವೂ ಅಜ್ಜನ ಹೆಸರು ಇಟ್ಟಿದ್ದು, ಮುತ್ತಜ್ಜಂದಲ್ವಲ್ಲ. ಇವರ ಹೆಸರಿಗೇನು ಧಾಡಿ?"

ನಾನು ತಿರುಗಿಸಿ ಹೇಳಿದೆ. ಅಂಕಲ್ ಬಾಯಿ ತೆರೆದುಕೊಂಡು ಅತ್ತೆಯನ್ನೇ ನೋಡಿದರು. "ನನ್ನದಾ? ಅದು ಹೆಂಚು ಹಾಕುವವನ ಹೆಸರು" ಎಂದರು. ಆಮೇಲೆ ಕರ್ಚೀಫು ತೆಗೆದು ಮೂಗು ಸೀಟಿದರು.

ವಿಮಾನವೆಂದರೆ ಹೆದರುತ್ತಿದ್ದ ಮನುಷ್ಯ ಬ್ರಿಸ್ಬೇನ್‌ಗೆ ಹೊರಟರು. ಏರ್‌ಪೋರ್ಟಿಗೆ ಬಿಡಲು ಹೋದಾಗ ಮೊದಲ ಸಲ ಅವರು ಪ್ಯಾಂಟು ತೊಟ್ಟದ್ದು ಕಂಡೆ. ಮೊಣಕಾಲು ಕಾಣದ ಅಂಕಲ್ ಯಾರೋ ಅಪರಿಚಿತರ ಹಾಗಿದ್ದರು. ಹೋದ ಮೇಲೆ ಒಂದು ಫೋನಿಲ್ಲ. ನಾನು ಆಫೀಸಿನಿಂದ ಬಂದವಳೇ ಅವರ ನಿಂಬೆ ಗಿಡಕ್ಕೆ ನೀರು ಬಿಡುತ್ತ, ಬೇರೆಯವರ ಸಂಸಾರದಲ್ಲಿ ನಾವು ಕೈ ಹಾಕಿದ್ದು ಜಾಸ್ತಿಯಾಯಿತೇ ಎಂದು ಒದ್ದಾಡುತ್ತಿದ್ದೆ. ಗಂಡ ಸಮಾಧಾನ ಮಾಡಲು ಬಂದರೆ ಅವನ ಮೇಲೇ ಹಾರಾಡುತ್ತಿದ್ದೆ. ಅತ್ತೆ ಮಾತ್ರ ದೇವರ ಮುಂದೆ ತುಪ್ಪದ ದೀಪ ಹಚ್ಚಿಟ್ಟು ನಿಶ್ಚಿಂತೆಯಾಗಿದ್ದರು.

ವಾಪಸು ಕರೆತರಲು ಹೋದ ದಿನ ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಬಾಗಿಲು ದಾಟಿ ಬರುತ್ತಿದ್ದ ಜನರ ನಡುವೆ ದೊಡ್ಡ ದೊಡ್ಡ ದಾಸವಾಳದ ಹೂವಿನ ಚಡ್ಡಿಯೊಂದು ಬರುತ್ತಿತ್ತು, ಅದರ ಕೆಳಗೆ ಆ ಕಪ್ಪು ಮೊಣಕಾಲುಗಳು. "ಮಗಳು ಕೊಡಿಸಿದಳು" ಎಂದರು. ನಾನು ಪಾರ್ಕಿಂಗಿನಲ್ಲೇ ನಿಂತು ಅತ್ತುಬಿಟ್ಟೆ. ಅಷ್ಟು ಹಗುರಾಗಿತ್ತು ಮನಸ್ಸು.

ಕಾರಿನಲ್ಲಿ ಹೇಳಿದರು. ಮಗಳು ಕೇಳಿದವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಮಾರನೆಯ ದಿನವಿಡೀ ಮಾತಿಲ್ಲ. ಇನ್ನು ಹೊರಡುವುದೇ ಸರಿ ಎಂದು ಇವರು ಚೀಲ ಕಟ್ಟಿದರು. ತಿಂಡಿಗೆ ಕೂತಾಗ ಅವಳು, "ಆ ಸೇನಾಪತಿಯ ಹೆಸರು ನನಗೆ ಬೇಡ. ಆ ಹಳ್ಳಿಗಳ ಹೆಸರು ಗೊತ್ತಾ ನಿನಗೆ?" ಎಂದು ಕೇಳಿದಳು. ಇವರಿಗೆ ಅವೆಲ್ಲ ಬಾಯಿಪಾಠ. ಒಂದೊಂದಾಗಿ ಹೇಳಿದರು. ಅವಳು ಒಂದೊಂದನ್ನೂ ತಿರುಗಿ ಉಚ್ಚರಿಸಿದಳು. ಮುಗಿದ ಮೇಲೆ, ಸುಳ್ಳು ಹೇಳಿದ್ದಕ್ಕೆ ನಿನ್ನ ಮೇಲೆ ಸಿಟ್ಟಿದೆ, ಅದು ಇಳಿಯುವುದಕ್ಕೆ ಸಮಯ ಬೇಕು, ಅಲ್ಲಿಯವರೆಗೆ ಮಗುವಿನ ಕೋಣೆಗೆ ಬಣ್ಣ ಬಳಿ ಎಂದಳಂತೆ. ಇವರು ಬಣ್ಣ ಬಳಿದು ಬಂದಿದ್ದರು.

ಅವತ್ತು ಅತ್ತೆ ಮಾಡಿದ ಚಿತ್ರಾನ್ನವನ್ನು ಅವರು ಮತ್ತೆ ಮತ್ತೆ ಹಾಕಿಸಿಕೊಂಡು ತಿಂದರು. ಊಟವಾದ ಮೇಲೆ ಉಪ್ಪಿನ ಬಾಟಲಿಯನ್ನು ಕೈಗೆತ್ತಿಕೊಂಡು, ಮೇಜಿನ ನಡುವೆ ಇಟ್ಟು, "ಹೇಳಪ್ಪ, ಸ್ಲಿಪ್ಪು ಅಂದರೆ ಎಲ್ಲಿ?" ಎಂದು ನನ್ನ ಗಂಡನನ್ನು ಕೇಳಿದರು. ಅವನು ಬಿಡುತ್ತಾನೆಯೇ? ಸಂಜೆಯವರೆಗೂ ಕೊರೆದ.

ಮಗು ಹುಟ್ಟಿತು. ಅವಳು ಅದಕ್ಕೆ ಅಜ್ಜನ ಹೆಸರನ್ನೇ ಇಟ್ಟಳು, ಹೆಂಚು ಹಾಕುವವನ ಹೆಸರನ್ನು.

ಅಂಕಲ್ ತೀರಿಕೊಂಡದ್ದು ಅದಾಗಿ ಕೆಲವು ವರ್ಷಗಳ ಮೇಲೆ, ಆಸ್ಪತ್ರೆಯಲ್ಲಿ, ಮಗಳ ಕೈ ಹಿಡಿದುಕೊಂಡು. ಅಂತ್ಯಕ್ರಿಯೆಗೆ ನಾವೆಲ್ಲ ಹೋಗಿದ್ದೆವು. ಅಪ್ಪನ ಬಗ್ಗೆ ಮಾತಾಡಲು ನಿಂತ ಮಗಳು ಸೇನಾಪತಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಇಂಥವರ ಮಗ, ಇಂಥ ಮಾತು ಕೇಳಿ ಮನೆ ಬಿಟ್ಟವರು, ಆಮೇಲೆ ಬದುಕೆಲ್ಲ ಜನರ ತಲೆಯ ಮೇಲೆ ಮಾಡು ಹಾಕಿದವರು ಎಂದಳು. ನನಗೆ ನನ್ನ ಮೊದಲ ಚಳಿಗಾಲ ನೆನಪಾಯಿತು. ಹೊಸ ದೇಶದಲ್ಲಿ ಸೋರುವ ಮನೆಯಲ್ಲಿ ಅಳುತ್ತ ಕೂತಿದ್ದವಳ ನೆತ್ತಿಯ ಮೇಲೆ ಆ ಮನುಷ್ಯ ಮೊಣಕಾಲೂರಿದ್ದರು. ಅಲ್ಲಿಂದ ಈಚೆಗೆ ಈ ಊರು ನನ್ನದು ಅನ್ನಿಸಿದ್ದು.

ಅಷ್ಟರಲ್ಲಿ ಬೇಸರ ಬಂದ ಮೊಮ್ಮಗ ಕುರ್ಚಿಗಳ ನಡುವೆ ಓಡತೊಡಗಿದ. ಮಾತಾಡುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಅವನ ಹೆಸರು ಹಿಡಿದು ಕೂಗಿದಳು. ಅವನು ನಿಲ್ಲಲಿಲ್ಲ. ಇನ್ನೂ ಜೋರಾಗಿ ಕೂಗಿದಳು. ಇಡೀ ಸಭಾಂಗಣದಲ್ಲಿ ಅಂಕಲ್ ಹೆಸರು ಮೊಳಗಿತು, ಒಬ್ಬರೂ ತಲೆ ತಗ್ಗಿಸಲಿಲ್ಲ. ಪಕ್ಕದಲ್ಲಿ ಅತ್ತೆ ಕಣ್ಣೊರೆಸಿಕೊಳ್ಳುತ್ತ, "ಕೂಗ್ಲಿ ಬಿಡು, ಚೆನ್ನಾಗಿ ಕೂಗ್ಲಿ" ಎಂದರು.