ಕೆರಿಯಪ್ಪನವರ ಗಂಟಲು ಕಟ್ಟಿದ ಸೋಮವಾರ

ಕಂಪ್ಯೂಟರು ಮೂಲೆಯಲ್ಲೊಂದು ಸಣ್ಣ ಗುರುತು ತೋರಿಸಿ ‘ಹೊಸದು ಬಂದಿದೆ, ಹಾಕಿಕೊಳ್ಳಲೇ?’ ಎಂದು ಕೇಳಿದರೆ ನನಗೆ ಬೇಡ ಎನ್ನಲು ಬರುವುದಿಲ್ಲ. ಪಂಕ್ತಿಯಲ್ಲಿ ಸೌಟು ಹಿಡಿದು ‘ಇನ್ನೊಂದು ಸ್ವಲ್ಪ’ ಎಂದು ನಿಂತವರ ಮುಂದೆ ಎಲೆಗೆ ಕೈ ಅಡ್ಡ ಹಿಡಿಯಲು ಹೇಗೆ ಬರುವುದಿಲ್ಲವೋ ಹಾಗೆಯೇ. ವಯಸ್ಸು ಐವತ್ತಮೂರು. ಮನೆ ಸೊರಬದಲ್ಲಿ, ಕೆಲಸ ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವುದು. ‘ಸರಿಯಾಗಿ ಓಡುತ್ತಿರುವುದಕ್ಕೆ ಕೈ ಹಾಕಬೇಡಿ’ ಎಂದು ವಿದ್ಯಾರ್ಥಿಗಳಿಗೆ ಎಷ್ಟು ಸಲ ಬುದ್ಧಿ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವುದು ಬೇರೆ ಬಿಡಿ. ಈ ಚಪಲದಿಂದಲೇ ಒಂದು ಭಾನುವಾರ ನಾನು ಒಬ್ಬ ಮನುಷ್ಯನ ಧ್ವನಿಯನ್ನು ಕಿತ್ತುಕೊಂಡೆ.

ಆ ಮನುಷ್ಯ ಕೆರಿಯಪ್ಪನವರು. ಸೊರಬದಲ್ಲಿ ಖಾಸಗಿ ಬಸ್ಸುಗಳು ನಿಲ್ಲುವ ಕಡೆ ಏಜೆಂಟರು. ಯಾವ ಬಸ್ಸು ಎಲ್ಲಿಗೆ, ಯಾವಾಗ ಎಂದು ಕೂಗಿ ಜನರನ್ನು ಹತ್ತಿಸುವುದು ಅವರ ಕಸುಬು. ಮೂವತ್ತು ವರ್ಷ ಕೂಗಿದ ಗಂಟಲು. ಎರಡು ವರ್ಷದ ಹಿಂದೆ ಆ ಗಂಟಲಲ್ಲೇ ಗಡ್ಡೆ ಕಾಣಿಸಿಕೊಂಡು, ಆಪರೇಷನ್ ಆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಗ ನನಗೆ ಹೊಳೆದದ್ದು ಇಷ್ಟು: ಹೋಗುವ ಮುಂಚೆ ಧ್ವನಿಯನ್ನು ಹಿಡಿದಿಟ್ಟುಕೊಂಡರೆ? ಅವರನ್ನು ನಮ್ಮ ಮನೆಯಲ್ಲಿ ಕೂರಿಸಿಕೊಂಡು ಊರುಗಳ ಹೆಸರು, ಗಂಟೆ, ‘ಬೇಗ ಬನ್ರೀ’, ‘ಹೊರಡ್ತು’, ‘ಜಾಗ ಇದೆ ಹತ್ತಿ’ ಎಲ್ಲವನ್ನೂ ರೆಕಾರ್ಡ್ ಮಾಡಿದೆ. ಆಮೇಲೆ ಒಂದು ಪ್ರೋಗ್ರಾಮು ಬರೆದೆ. ಕೀಲಿ ಒತ್ತಿದರೆ ತುಂಡುಗಳು ಜೋಡಿಯಾಗಿ ಮಾತಾಗುತ್ತವೆ. ನನ್ನ ಹಳೆಯ ಲ್ಯಾಪ್‌ಟಾಪನ್ನು ಸ್ಟ್ಯಾಂಡಿನಲ್ಲಿ ಅವರು ಕೂರುವ ಗೂಡಿನಲ್ಲಿಟ್ಟು ಅಲ್ಲಿನ ಸ್ಪೀಕರಿಗೆ ಜೋಡಿಸಿದೆ. ಆಪರೇಷನ್ ಆಗಿ ಎರಡು ತಿಂಗಳಿಗೆ ಕೆರಿಯಪ್ಪನವರು ಮತ್ತೆ ಬಂದು ಕೂತರು, ಹತ್ತಿರದ ಊರಿನ ಬಸ್ಸಿಗೆ ಮತ್ತೆ ‘ಉಳವಿ, ಉಳವಿ, ಉಳವಿ!’ ಎಂದು ಕೂಗತೊಡಗಿದರು. ಬೇರೆ ಎಲ್ಲ ಮಾತಿಗೂ ಒಂದು ಪಾಟಿ, ಬಳಪ.

ಆ ಭಾನುವಾರ ನಾನು ಹೋದದ್ದು ಲ್ಯಾಪ್‌ಟಾಪಿನ ಧೂಳು ಒರೆಸಲು. ಮೂಲೆಯಲ್ಲಿ ಗುರುತು ಕಂಡಿತು. ಹೂಂ ಎಂದೆ. ಅದು ಅರ್ಧ ಗಂಟೆ ಏನೇನೋ ಹಾಕಿಕೊಂಡಿತು, ನಾನು ಮನೆಗೆ ಬಂದು ಅವಲಕ್ಕಿ ತಿಂದು ಮಲಗಿದೆ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಮೊಬೈಲಿಗೆ ಕೆರಿಯಪ್ಪನವರ ಸಂದೇಶ: ‘ಮೇಡಂ, ಬಾಯಿ ಬಿಡ್ತಿಲ್ಲ’.

ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಸ್ಟ್ಯಾಂಡಿಗೆ ಓಡಿದೆ. ಪರದೆಯ ಮೇಲೆ ಒಂದೇ ಸಾಲು. ಧ್ವನಿಯ ಲೈಬ್ರರಿಯ ಎರಡನೆಯ ಆವೃತ್ತಿ ಬೇಕು, ಅಂಥ ಫೈಲು ಇಲ್ಲ, ಹಾಗಾಗಿ ಪ್ರೋಗ್ರಾಮು ಶುರುವಾಗುವುದಿಲ್ಲ.

ಇದನ್ನು ಕ್ಲಾಸಿನಲ್ಲಿ ಹೇಗೆ ಹೇಳುತ್ತೇನೋ ಹಾಗೇ ಹೇಳಿಬಿಡುತ್ತೇನೆ. ಮದುವೆ ಮನೆಯವರೆಲ್ಲ ದೊಡ್ಡ ಕಡಾಯಿಯನ್ನು ತಾವೇ ಕೊಂಡಿಟ್ಟುಕೊಳ್ಳುವುದಿಲ್ಲ. ಸಮುದಾಯ ಭವನದಲ್ಲಿ ಒಂದಿರುತ್ತದೆ, ಬೇಕಾದಾಗ ತಂದು ಬಳಸುತ್ತಾರೆ. ಪ್ರೋಗ್ರಾಮುಗಳೂ ಹಾಗೆ. ಧ್ವನಿ ಹೊರಡಿಸುವಂಥ ದೊಡ್ಡ ಕೆಲಸದ ಸಾಮಾನನ್ನು ಎಲ್ಲರಿಗೂ ಸೇರಿದ ಒಂದು ಲೈಬ್ರರಿಯಿಂದ ತಂದುಕೊಳ್ಳುತ್ತವೆ. ನನ್ನ ಪ್ರೋಗ್ರಾಮಿನ ಚೀಟಿಯಲ್ಲಿ ‘ಎರಡನೆಯ ಕಡಾಯಿ’ ಎಂದು ಬರೆದಿತ್ತು. ನಿನ್ನೆಯ ಅಪ್‌ಡೇಟು ಅದನ್ನು ತೆಗೆದು ಮೂರನೆಯದನ್ನು ತಂದಿಟ್ಟಿತ್ತು. ಅಷ್ಟೇ ವಿಷಯ. ಅಷ್ಟಕ್ಕೇ ಒಬ್ಬ ಮನುಷ್ಯ ಮೂಕನಾಗಿದ್ದ.

ನಾನು ಹತ್ತುವ ಶಿಕಾರಿಪುರದ ಬಸ್ಸಿಗೆ ಹನ್ನೆರಡು ನಿಮಿಷ ಉಳಿದಿತ್ತು. ಹತ್ತೂವರೆಗೆ ಪರೀಕ್ಷೆಯ ಮೇಲ್ವಿಚಾರಣೆ. ಅವಸರದಲ್ಲಿ ನಾನು ಮಾಡಿದ್ದು ಯಾವ ವಿದ್ಯಾರ್ಥಿ ಮಾಡಿದರೂ ಅಂಕ ಕಳೆಯುವಂಥ ಕೆಲಸ. ಮೂರನೆಯ ಆವೃತ್ತಿಗೇ ‘ಎರಡು’ ಎಂದು ಸುಳ್ಳು ಹೆಸರಿಟ್ಟೆ. ಪ್ರೋಗ್ರಾಮು ನಂಬಿತು, ಶುರುವಾಯಿತು. ಕೆರಿಯಪ್ಪನವರ ಮುಖ ಅರಳಿತು. ಉಳವಿಯ ಕೀಲಿ ಒತ್ತಿದರು.

ಸ್ಪೀಕರಿನಿಂದ ಬಾತುಕೋಳಿ ಕೂಗಿತು.

ಒಳಗಿನ ಅಳತೆಗಳು ಬದಲಾಗಿದ್ದರಿಂದ ಧ್ವನಿ ಮೂರು ಪಟ್ಟು ವೇಗವಾಗಿ, ಕೀರಲಾಗಿ ಹೊರಟಿತ್ತು. ಇಡೀ ಸ್ಟ್ಯಾಂಡು ನಕ್ಕಿತು. ಕಾಲೇಜು ಹುಡುಗಿಯರು ಬಾಯಿಗೆ ದುಪಟ್ಟ ಒತ್ತಿಕೊಂಡು ನಕ್ಕರು, ಡ್ರೈವರುಗಳು ನಕ್ಕರು. ಕೆರಿಯಪ್ಪನವರೂ ನಕ್ಕರು. ಆದರೆ ನಗುತ್ತಲೇ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ವೈರು ಕಿತ್ತು, ಅದನ್ನು ನನ್ನ ಕೈಗೆ ಕೊಟ್ಟು, ಗೂಡಿನ ಹಿಂದೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತರು. ನಾನು ಏನೋ ಹೇಳಹೋದೆ. ಅವರು ತಿರುಗದೆ ಕೈಯಲ್ಲೇ ‘ಬಸ್ಸು ಹತ್ತಿ’ ಎಂದರು.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಬಿಚ್ಚಿಕೊಂಡೆ. ಮೊದಲು ಆ ಸುಳ್ಳು ಹೆಸರನ್ನು ಅಳಿಸಿ, ಪ್ರೋಗ್ರಾಮನ್ನು ಹೊಸ ಲೈಬ್ರರಿಯ ಜೊತೆ ಮತ್ತೆ ಕಟ್ಟಿಬಿಡೋಣ ಎಂದುಕೊಂಡೆ. ಹೀಗೆ ಕಟ್ಟುವಾಗ ತುಂಡುಗಳನ್ನು ಬೆಸೆಯುವ ಸಾಧನಕ್ಕೆ ಲಿಂಕರ್ ಎನ್ನುತ್ತಾರೆ. ನನಗೆ ಅದನ್ನು ನೋಡಿದಾಗಲೆಲ್ಲ ಹೈಸ್ಕೂಲಿನ ಸಂಧಿ ಪ್ರಕರಣ ನೆನಪಾಗುತ್ತದೆ. ಎರಡು ಪದ ಸೇರುವಾಗ ನಡುವೆ ಒಂದಕ್ಷರ ಲೋಪವಾದರೆ ವ್ಯಾಕರಣದಲ್ಲಿ ಅದಕ್ಕೊಂದು ಹೆಸರಿದೆ, ಗೌರವವಿದೆ. ಲಿಂಕರಿಗೆ ಆ ಔದಾರ್ಯವಿಲ್ಲ. ಲೋಪ ಕಂಡರೆ ಸೇರಿಸುವುದಿಲ್ಲ, ದೂರುತ್ತದೆ. ನನಗೆ ಐದು ದೂರು ಕೊಟ್ಟಿತು. ನಾನು ಬಳಸಿದ್ದ ಐದು ಕೆಲಸಗಳು ಹೊಸ ಲೈಬ್ರರಿಯಲ್ಲಿ ಇರಲೇ ಇಲ್ಲ. ಅವುಗಳ ಬದಲಿಗೆ ಬಂದದ್ದನ್ನು ಓದಿ ತಿದ್ದಬೇಕೆಂದರೆ ಒಂದು ವಾರ. ಬ್ಯಾಟರಿ ಮೂವತ್ತೊಂದು ತೋರಿಸುತ್ತಿತ್ತು. ಹಳೆಯ ಬ್ಯಾಟರಿ, ಮೂವತ್ತೊಂದು ಎಂದರೆ ಹದಿನೈದು ಎಂದು ತಿಳಿಯಬೇಕು.

ಆಗ ಪಕ್ಕದಲ್ಲಿ ಕೂತಿದ್ದ ಮುದುಕಿ ನನ್ನ ಮೊಣಕೈ ಮುಟ್ಟಿದರು.

“ತಂಗೀ, ಉಳವಿ ಬಂತೇನೇ?”

ಉಳವಿ ಇರುವುದು ಸೊರಬದ ಆಚೆ ಕಡೆಗೆ. ನಾವು ಈಚೆ ಕಡೆ ಆಗಲೇ ಶಿರಾಳಕೊಪ್ಪದ ಹತ್ತಿರ ಬಂದಿದ್ದೆವು.

“ಅಜ್ಜೀ, ಇದು ಶಿಕಾರಿಪುರದ ಬಸ್ಸು. ನೀವು ಹೆಂಗ್ ಹತ್ತಿದ್ರಿ?”

“ಅಯ್ಯೋ ನನ್ನ ಕರ್ಮ! ಕಣ್ಣಿಗೆ ಪೊರೆ ಬಂದೈತಿ ಕಣೇ. ದಿನಾ ಏಜೆಂಟ ಕೂಗ್ತಿದ್ದ, ಆ ದನಿ ಹಿಡ್ಕೊಂಡು ಹತ್ತತಿದ್ದೆ. ಇವತ್ತು ಕೂಗ್ಲೇ ಇಲ್ಲ. ಕಾದೆ, ಕಾದೆ. ಯಾರನ್ನೋ ಕೇಳಿದ್ರೆ ಇದೇ ಇರಬೇಕು ಹತ್ತಜ್ಜಿ ಅಂದ್ರು.”

ಟಿಕೆಟು ಕೊಡುವಾಗ ಕಂಡಕ್ಟರಿಗೆ ಹೇಳಲಿಲ್ಲವೇ ಎಂದರೆ, ಮುಂದಿನ ಸೀಟಿನವರಿಗೆ ಟಿಕೆಟು ಹರಿಯುವ ಗಲಾಟೆಯಲ್ಲಿ ಅವನಿನ್ನೂ ಇತ್ತ ಬಂದೇ ಇರಲಿಲ್ಲ. ಅಜ್ಜಿಯ ಹೆಸರು ನೀಲಮ್ಮ. ಉಳವಿಯಲ್ಲಿ ಮಗಳು ಹೆತ್ತು ನಾಲ್ಕು ದಿನ. ಅವಳ ಅತ್ತೆ ಜ್ವರದಲ್ಲಿ ಮಲಗಿದ್ದಾಳೆ, ಬಾಣಂತಿಗೂ ಮಗುವಿಗೂ ನೀರು ಹಾಕುವವರಿಲ್ಲ. ಚೀಲದಲ್ಲಿ ಬಾಣಂತಿ ಖಾರದ ಡಬ್ಬಿ, ಹಳೆ ಸೀರೆಯ ಮೆತ್ತನೆಯ ತುಂಡುಗಳು. ‘ಬಿಸಿಲೇರೋದ್ರೊಳಗೆ ಬತ್ತೀನಿ ಅಂದಿದ್ದೆ’ ಎಂದು ನಾಲ್ಕು ಸಲ ಹೇಳಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಯಾರನ್ನು ಬೈಯಬೇಕೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಶಿರಾಳಕೊಪ್ಪದಲ್ಲಿ ಅವರನ್ನು ಕರೆದುಕೊಂಡು ಇಳಿದೆ. ಸಹೋದ್ಯೋಗಿ ಶಶಿಕಲಾಗೆ ಫೋನು ಮಾಡಿ ಪರೀಕ್ಷಾ ಕೊಠಡಿ ನೋಡಿಕೊಳ್ಳಲು ಹೇಳಿದೆ. “ಏನಾಯ್ತ್ರೀ ಮೇಡಂ, ಹುಷಾರಿಲ್ವಾ?” ಎಂದಳು. “ಲೈಬ್ರರಿ ಕಾಣ್ತಿಲ್ಲ” ಎಂದೆ. “ಕಾಲೇಜಿಂದಾ?” ಎಂದು ಗಾಬರಿಯಾದಳು. ಬಿಡಿಸಿ ಹೇಳಲು ಸಮಯವಿರಲಿಲ್ಲ. ವಾಪಸ್ ಸೊರಬಕ್ಕೆ ಬಸ್ಸು ಇನ್ನು ಮುಕ್ಕಾಲು ಗಂಟೆ ಬಿಟ್ಟು. ಕಲ್ಲು ಬೆಂಚಿನ ಮೇಲೆ ನೀಲಮ್ಮ, ಅವರ ಚೀಲ, ನಾನು, ಲ್ಯಾಪ್‌ಟಾಪು.

ನಮ್ಮ ತಾರ್ಕಿಕರು ‘ನೆಲದ ಮೇಲೆ ಮಡಕೆಯಿಲ್ಲ’ ಎನ್ನುವುದು ನಮಗೆ ತಿಳಿಯುವುದು ಹೇಗೆ ಎಂದು ಬಹಳ ಜಗಳವಾಡಿದ್ದಾರೆ. ಇಲ್ಲದ್ದನ್ನು ಕಣ್ಣು ಕಾಣುತ್ತದೆಯೋ, ಬುದ್ಧಿ ಊಹಿಸುತ್ತದೆಯೋ? ಓದುವಾಗ ನನಗಿದು ಕೆಲಸವಿಲ್ಲದವರ ಕೆಲಸ ಎನಿಸಿತ್ತು. ಆ ಬೆಂಚಿನ ಮೇಲೆ ಕೂತಾಗ ಹಾಗನಿಸಲಿಲ್ಲ. ‘ಫೈಲು ಇಲ್ಲ’ ಎಂದು ಕಂಪ್ಯೂಟರು ಹೇಳಿದರೆ, ಎಲ್ಲೆಲ್ಲಿ ನೋಡಿ ಹೇಳಿತು ಎಂದು ಕೇಳಬೇಕು. ಇದನ್ನು ಬೆಳಿಗ್ಗೆಯೇ ಕೇಳಬೇಕಿತ್ತು. ಈಗ ಕೇಳಿದೆ. ಅದು ಹುಡುಕಿದ ಜಾಗಗಳ ಪಟ್ಟಿಯನ್ನು ಸಾಲುಸಾಲಾಗಿ ಒಪ್ಪಿಸಿತು: ಇಲ್ಲಿ ನೋಡಿದೆ, ಇಲ್ಲ, ಅಲ್ಲಿ ನೋಡಿದೆ, ಇಲ್ಲ. ಎಲ್ಲ ಅದರ ಮಾಮೂಲಿ ಜಾಗಗಳೇ. ನನ್ನ ಸ್ವಂತ ಫೈಲುಗಳಿರುವ ಕಡೆ ಅದು ಕಾಲೇ ಇಟ್ಟಿರಲಿಲ್ಲ.

ಇಡೀ ಡಿಸ್ಕನ್ನು ಹುಡುಕಲು ಹಚ್ಚಿದೆ. ಬ್ಯಾಟರಿ ಹದಿನಾಲ್ಕು. ಹನ್ನೆರಡು. ನೀಲಮ್ಮ ನನ್ನ ಮುಖ ನೋಡಿ, “ಏನ್ ಕಳ್ಕಂಡಿಯೇ ತಂಗಿ?” ಎಂದರು. ಒಂಬತ್ತು ಎನ್ನುವಾಗ ಸಿಕ್ಕಿತು. ಎರಡು ವರ್ಷದ ಹಿಂದೆ, ಎಲ್ಲಾದರೂ ಬೇಕಾದೀತು ಎಂದು ನಾನೇ ಹಳೆಯ ಲೈಬ್ರರಿಯ ಒಂದು ಪ್ರತಿಯನ್ನು ತೆಗೆದಿಟ್ಟು, ನಾನೇ ಮರೆತಿದ್ದೆ. ಕೆರಿಯಪ್ಪನವರ ಮೂಲ ರೆಕಾರ್ಡಿಂಗುಗಳ ಜೊತೆಯಲ್ಲೇ ಇತ್ತು. ‘ಮೊದಲು ಇಲ್ಲಿ ನೋಡು’ ಎಂದು ಪ್ರೋಗ್ರಾಮಿಗೆ ಆ ಜಾಗದ ವಿಳಾಸ ಬರೆದುಕೊಟ್ಟೆ. ಅವಸರಕ್ಕೆ ವಿಳಾಸದಲ್ಲಿ ಎರಡು ಸಲ ತಪ್ಪಿದೆ. ಮೂರನೆಯ ಸಲ ಪ್ರೋಗ್ರಾಮು ತೆರೆದುಕೊಂಡಿತು. ಸದ್ದು ಕಡಿಮೆ ಮಾಡಬೇಕೆಂಬ ಜ್ಞಾನವಿಲ್ಲದೆ ಕೀಲಿ ಒತ್ತಿದೆ.

“ಉಳವಿ! ಉಳವಿ! ಉಳವಿ ಯಾರ್ರೀ? ಹೊರಡ್ತು, ಬೇಗ ಬನ್ರೀ!”

ಶಿರಾಳಕೊಪ್ಪದ ಬಸ್ ಸ್ಟ್ಯಾಂಡು ತಿರುಗಿ ನೋಡಿತು. ನೀಲಮ್ಮ ಚೀಲ ಹಿಡಿದು ಎದ್ದೇ ನಿಂತರು. “ಬಂತು, ಬಂತು, ಏಳೇ!” ಎಂದು ನನ್ನ ರಟ್ಟೆ ಎಳೆದರು. ಅವರನ್ನು ಮತ್ತೆ ಕೂರಿಸುವಷ್ಟರಲ್ಲಿ ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಲ್ಯಾಪ್‌ಟಾಪು ಅಷ್ಟಕ್ಕೇ ಸುಸ್ತಾಗಿ ಆರಿಹೋಯಿತು.

ಸೊರಬ ಮುಟ್ಟಿದಾಗ ಹನ್ನೊಂದೂಕಾಲು. ಗೂಡಿನಲ್ಲಿ ವೈರು ಜೋಡಿಸಿ ಕೊಟ್ಟರೂ ಕೆರಿಯಪ್ಪನವರು ಕೀಲಿ ಮುಟ್ಟಲಿಲ್ಲ. ಬಾತುಕೋಳಿಯ ಹೆದರಿಕೆ. ನಾನೇ ಒತ್ತಲು ಕೈ ಚಾಚಿದೆ. ಅದನ್ನು ಪಕ್ಕಕ್ಕೆ ಸರಿಸಿ, ಕಣ್ಣು ಮುಚ್ಚಿ, ತಾವೇ ಒತ್ತಿದರು. ಅವರ ಧ್ವನಿ ಸ್ಟ್ಯಾಂಡಿನ ತುಂಬ ಹರಡಿಕೊಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ತಿರುಗಿಯೂ ನೋಡಲಿಲ್ಲ. ಉಳವಿಯವರು ಗಂಟುಮೂಟೆ ಎತ್ತಿಕೊಂಡು ಬಸ್ಸಿನ ಕಡೆ ನಡೆದರು, ಅಷ್ಟೇ. ನೀಲಮ್ಮ ಮಾತ್ರ ಗೂಡಿನ ಮುಂದೆ ನಿಂತು, “ಬೆಳಿಗ್ಗೆ ಎಲ್ಲಿ ಹೋಗಿದ್ಯೋ ಮಾರಾಯ, ಮಗು ಮಿಂದಿಲ್ಲ ಅಲ್ಲಿ!” ಎಂದು ಗದರಿ ಹತ್ತಿದರು. ಎರಡು ವರ್ಷದಿಂದ ಕೂಗುತ್ತಿದ್ದುದು ಯಂತ್ರ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಕೆರಿಯಪ್ಪನವರು ಕೈಮುಗಿದರು.

ಹುಡುಕುವಾಗ ಸಿಕ್ಕಿದ್ದು ಲೈಬ್ರರಿಯೊಂದೇ ಅಲ್ಲ. ಕತ್ತರಿಸದ ಮೂಲ ರೆಕಾರ್ಡಿಂಗುಗಳನ್ನು ನನ್ನ ಮೊಬೈಲಿಗೆ ಹಾಕಿಕೊಂಡು ಮಧ್ಯಾಹ್ನ ಮನೆಯಲ್ಲಿ ಕೂತು ಕೇಳಿದೆ. ‘ಉಳವಿ’ ಎಂದು ಕೂಗಿ ‘ಆನವಟ್ಟಿ’ ಎಂದು ಕೂಗುವ ನಡುವೆ ಒಂದು ಕಡೆ ಫೋನು ರಿಂಗಾಗುತ್ತದೆ. ಕೆರಿಯಪ್ಪನವರ ಹೆಂಡತಿ ಗಂಗಮ್ಮನದು. ಇವರು ಎತ್ತಿ, “ಹೂಂ ಗಂಗಾ, ಚಾ ಇಡು, ಬಂದೆ” ಎಂದು ಇಡುತ್ತಾರೆ. ಸ್ಟ್ಯಾಂಡಿಗೆ ಬೇಡದ ಮಾತೆಂದು ಆಗ ಕತ್ತರಿಸಿ ಬಿಸಾಡಿದ್ದೆ. ಊರಿಗೆಲ್ಲ ಎರಡು ವರ್ಷ ಅವರ ಧ್ವನಿ ಕೇಳಿತ್ತು. ಮನೆಯಲ್ಲಿ ಮಾತ್ರ ಅವರು ಚಪ್ಪಾಳೆ ತಟ್ಟಿ ಹೆಂಡತಿಯನ್ನು ಕರೆಯುತ್ತಿದ್ದರು. ಇದು ನನಗೆ ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ.

ಮತ್ತೆ ಗೂಡಿಗೆ ಹೋಗಿ ಆ ತುಂಡನ್ನು ಕೆರಿಯಪ್ಪನವರಿಗೆ ಕೇಳಿಸಿ, “ಇದಕ್ಕೂ ಒಂದು ಕೀಲಿ ಮಾಡಿಕೊಡಲಾ?” ಎಂದೆ. ಅವರು ಪಾಟಿ ಎತ್ತಿಕೊಂಡರು. ಬರೆದರು: ‘ಸ್ಟ್ಯಾಂಡಿಗೆ ಬ್ಯಾಡ. ಮನೆಗೆ.’ ಮನೆಗಾದರೆ ಪ್ರೋಗ್ರಾಮೂ ಬೇಡ, ಲೈಬ್ರರಿಯೂ ಬೇಡ. ಅವರ ಮೊಬೈಲಿಗೆ ಹಾಕಿಕೊಟ್ಟರೆ ಮುಗಿಯಿತು. ಇಷ್ಟು ವರ್ಷ ಪಾಠ ಹೇಳಿದವಳಿಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ ಆಯಿತು.

ಸಂಜೆ ಐದಕ್ಕೆ ಅವರ ಜೊತೆ ಮನೆಗೆ ಹೋದೆ. ಸದ್ದು ಸರಿಯಿದೆಯೋ ಇಲ್ಲವೋ ಎಂಬ ಆತಂಕ ನನ್ನನ್ನು ಎಳೆದೊಯ್ದಿತ್ತು. ಜಗಲಿಯಲ್ಲಿ ಕೂತು ಕೆರಿಯಪ್ಪನವರು ಮೊಬೈಲು ಒತ್ತಿದರು.

“ಹೂಂ ಗಂಗಾ, ಚಾ ಇಡು, ಬಂದೆ.”

“ಇಟ್ಟಿದೀನಿ ತಡೀರಿ! ಹಂಗ್ಯಾಕೆ ಕೂಗ್ತೀರಿ, ನಾನೇನ್ ಕಿವುಡಿಯಾ?” ಎಂದು ಒಳಗಿನಿಂದ ಗಂಗಮ್ಮ ರೇಗಿದರು.

ಆಮೇಲೆ ಅಡುಗೆಮನೆಯಲ್ಲಿ ಏನೋ ಕೆಳಗೆ ಬಿತ್ತು. ಗಂಗಮ್ಮ ಬಾಗಿಲಿಗೆ ಬಂದರು. ಗಂಡನ ಮುಖ ನೋಡಿದರು, ಕೈಯಲ್ಲಿದ್ದ ಮೊಬೈಲು ನೋಡಿದರು. ನಾನು ನನ್ನ ಚಪ್ಪಲಿ ನೋಡಿದೆ.

“ಇನ್ನೊಂದ್ ಸಲ” ಎಂದರು ಗಂಗಮ್ಮ.

ಅವರು ಒತ್ತಿದರು. ಗಂಗಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿದರು, ಮೆಲ್ಲಗೆ “ಹೂಂ, ಬನ್ನಿ” ಎಂದರು.

ಅಷ್ಟರಲ್ಲಿ ಚಹಾ ಕುದ್ದು ಕುದ್ದು ಅರ್ಧಕ್ಕಿಳಿದು ಕಹಿಯಾಗಿತ್ತು. ಹಾಲು ಬೆರೆಸಿ ಸರಿಮಾಡಬಹುದಿತ್ತು. ಜಗತ್ತಿನಲ್ಲಿ ಏನು ಕೆಟ್ಟರೂ ಎದ್ದು ಹೋಗಿ ಸರಿಮಾಡುವ ಚಪಲದವಳು ನಾನು. ಆದರೂ ಏಳಲಿಲ್ಲ. ಮೂವರೂ ಅದನ್ನು ಹಾಗೆಯೇ ಕುಡಿದೆವು.